ಗಿರಿಕಂದರದಲ್ಲೊಂದು ವಾಯುಸಾರಿಗೆ

1958ರಲ್ಲಿ ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಭೂತಾನಕ್ಕೆ ಭೇಟಿಯಿತ್ತಾಗ ಆ ದೇಶದಲ್ಲಿ ವಿಮಾನ ನಿಲ್ದಾಣವಿರಲಿಲ್ಲ. ಹೊರನಾಡಿನಿಂದ ಅಲ್ಲಿಗೆ ಮೋಟಾರು ರಸ್ತೆಯೂ ಇರಲಿಲ್ಲ. ಸಿಕ್ಕಿಮಿನ ನಾಥೂ ಲಾ ಘಾಟಿಯನ್ನು ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮಾರ್ಗವಾಗಿ ದಿನಗಟ್ಟಲೆ ಪಯಣಿಸಿ ಅವರು ಪಾರೋ ಕಣಿವೆಯನ್ನು ಸೇರಬೇಕಾಯಿತು. ಕಾಲು ಶತಮಾನ ಕಳೆಯುವಷ್ಟರಲ್ಲಿ ಅದೇ ಕಣಿವೆಯಿಂದ ಭೂತಾನದ ಸ್ವಂತ ವಿಮಾನವೇ ಹಾರಿತು.

ಭೂತಾನಕ್ಕೆ ಸಮುದ್ರತೀರವಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆಗಳೂ ಮುಚ್ಚಿಹೋಗುತ್ತವೆ. ಇಂತಹ ನಾಡಿಗೆ ಆಕಾಶಮಾರ್ಗವು ಆಡಂಬರವಲ್ಲ, ಅಗತ್ಯ. ಆದುದರಿಂದ 1981ರಲ್ಲಿ ರಾಜಾಜ್ಞೆಯಂತೆ ‘ಡ್ರೂಕ್ ಏರ್’ ಸಂಸ್ಥೆ ಸ್ಥಾಪಿತವಾಯಿತು. ‘ಡ್ರೂಕ್’ ಎಂದರೆ ಆ ದೇಶದ ಧ್ವಜದಲ್ಲಿರುವ ಗುಡುಗಿನ ಮಹಾಸರ್ಪ. 1983ರ ಫೆಬ್ರವರಿ 11ರಂದು 18 ಆಸನಗಳ ಡಾರ್ನಿಯರ್ ವಿಮಾನವೊಂದು ಪಾರೋದಿಂದ ಕಲ್ಕತ್ತೆಗೆ ಸಂಚಾರವನ್ನಾರಂಭಿಸಿತು.

ಇಷ್ಟು ಚಿಕ್ಕ ವಿಮಾನವನ್ನೇಕೆ ಆರಿಸಿದರು? ಪ್ರಯಾಣಿಕರು ಕಡಿಮೆಯಿದ್ದುದು ಒಂದು ಕಾರಣ. ಪಾರೋವಿನ ಗಾಳಿ ಮತ್ತೊಂದು. ಈ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 2,235 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ನಾಲ್ಕು ಪಾಲು ಮಾತ್ರ. ವಿಮಾನವನ್ನು ಮೇಲೆತ್ತುವ ಬಲವು ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿರುತ್ತದೆ. ಸಾಂದ್ರತೆ ತಗ್ಗಿದಾಗ ಅಷ್ಟೇ ತೂಕವನ್ನೆತ್ತಲು ವೇಗವನ್ನು ಶೇಕಡ 12ರಷ್ಟು ಹೆಚ್ಚಿಸಬೇಕು. ಹೆಚ್ಚು ವೇಗ ಗಳಿಸಲು ಹೆಚ್ಚು ದೂರ ಓಡಬೇಕು. ಎಂಜಿನ್ನಿಗೆ ದೊರೆಯುವ ಗಾಳಿಯೂ ತೆಳುವಾದುದರಿಂದ ಅದರ ನೂಕುಬಲ ಕುಗ್ಗಿ, ಓಡಬೇಕಾದ ದೂರ ಇನ್ನಷ್ಟು ಬೆಳೆಯುತ್ತದೆ. ಆದರೆ ಇಕ್ಕಟ್ಟಾದ ಕಣಿವೆಯಲ್ಲಿ ಓಡುದಾರಿಯನ್ನು ಬೇಕಾದಷ್ಟು ಉದ್ದ ಮಾಡಲಾದೀತೆ? ಉಳಿದ ಉಪಾಯವೆಂದರೆ ಭಾರವನ್ನು ತಗ್ಗಿಸುವುದು, ಇಲ್ಲವೆ ಬಲವಾದ ಎಂಜಿನ್ನುಗಳನ್ನು ತೊಡಿಸುವುದು.

ಇನ್ನೊಂದು ಅಪಾಯವನ್ನೂ ಎಣಿಸಬೇಕು. ನೆಲ ಬಿಟ್ಟೇಳುವ ಹೊತ್ತಿನಲ್ಲಿ ಎಂಜಿನ್ನೊಂದು ಕೆಟ್ಟರೆ ಉಳಿದವುಗಳ ಬಲದಿಂದಲೇ ವಿಮಾನವು ಬೆಟ್ಟಗಳ ನಡುವೆ ಮೇಲೇರಬೇಕು. ಎರಡು ಎಂಜಿನ್ನುಗಳ ವಿಮಾನ ಆಗ ಅರ್ಧ ನೂಕುಬಲವನ್ನು ಕಳೆದುಕೊಳ್ಳುತ್ತದೆ. ನಾಲ್ಕಿದ್ದರೆ ನಷ್ಟ ಕಾಲುಭಾಗ ಮಾತ್ರ. 1988ರಲ್ಲಿ ಸಂಸ್ಥೆಯು ತನ್ನ ಮೊದಲ ಜೆಟ್ಟಾಗಿ ನಾಲ್ಕು ಎಂಜಿನ್ನುಗಳ ಬಿ.ಎ.ಇ. 146 ವಿಮಾನವನ್ನು ತಂದುದರ ಔಚಿತ್ಯ ಇದರಿಂದ ತಿಳಿಯುತ್ತದೆ. 2004ರಲ್ಲಿ ಬಂದ ಏರ್‌ಬಸ್ ಎ-319 ವಿಮಾನಕ್ಕಾದರೋ ಎಂಜಿನ್ನುಗಳು ಎರಡೇ. ಆದರೆ ಒಂದು ನಿಂತರೂ ಮತ್ತೊಂದೇ ವಿಮಾನವನ್ನು ಮೇಲೇರಿಸುವಷ್ಟು ಅವು ಸಮರ್ಥವಾಗಿವೆ.

ಇಳಿಯುವುದೂ ಸುಲಭವಲ್ಲ. ಸುತ್ತಲಿನ ಶಿಖರಗಳು ಸುಮಾರು 5,500 ಮೀಟರಿನವರೆಗೆ ಏರಿವೆ. ಕಣಿವೆ ತಿರುಗಿದಂತೆ ವಿಮಾನವೂ ತಿರುಗುತ್ತ, ಕಡೆಯ ಕ್ಷಣಗಳಲ್ಲಿ ಓಡುದಾರಿಗೆ ನೇರವಾಗಬೇಕು. ಹೊತ್ತೇರಿದಂತೆ ಇಳಿಜಾರುಗಳು ಕಾದು ಕಣಿವೆಯಲ್ಲಿ ಗಾಳಿ ಬಿರುಸಾಗುವುದರಿಂದ ಹಾರಾಟಕ್ಕೆ ಬೆಳಗಿನ ವೇಳೆಯೇ ಪ್ರಶಸ್ತ. ಈ ದಾರಿಗೆಂದೇ ವಿಶೇಷ ತರಬೇತಿ ಪಡೆದ ಚಾಲಕರಿಗಷ್ಟೇ ಇಲ್ಲಿ ಇಳಿಯಲು ಅನುಮತಿಯುಂಟು.

ದೊಡ್ಡ ದೇಶಗಳ ಸಂಸ್ಥೆಗಳು ನೂರಾರು ವಿಮಾನಗಳನ್ನು ಹೊಂದಿರಬಹುದು. ಕೈಬೆರಳುಗಳಲ್ಲಿ ಎಣಿಸಬಹುದಾದಷ್ಟೇ ವಿಮಾನಗಳುಳ್ಳ ಈ ಪುಟ್ಟ ಸಂಸ್ಥೆಯಾದರೋ ಬೆಟ್ಟದೊಡನೆ ಸೆಣಸಲಿಲ್ಲ. ಅದರ ನಿಯಮಗಳನ್ನರಿತು, ಅವಕ್ಕೆ ತಕ್ಕ ರೆಕ್ಕೆಯನ್ನೂ ಎಂಜಿನ್ನನ್ನೂ ವೇಳೆಯನ್ನೂ ಆರಿಸಿಕೊಂಡಿತು. ದಿನಗಟ್ಟಲೆಯ ದಾರಿ ಗಂಟೆಯ ಲೆಕ್ಕಕ್ಕಿಳಿದುದು ಹೀಗೆ.