ವಾರಕ್ಕೊಂದು ಹೋಳಿಗೆ ತಿಂದರೆ ಪಥ್ಯ ಕೆಟ್ಟೀತೇ?

ಬಸವೇಶ್ವರನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಜಮಾನರಿಗೆ ನಲವತ್ತೆಂಟು ವರ್ಷ. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಗಡಿಗೆ ಬಂದು ನಿಂತಿದೆ. 'ಆರೇಳು ಕಿಲೋ ಇಳಿಸಿ, ಆಮೇಲೆ ಮಾತ್ರೆಯ ಮಾತು' ಎಂದಿದ್ದಾರೆ ವೈದ್ಯರು. ಸೋಮವಾರದಿಂದ ಶನಿವಾರದವರೆಗೆ ಅವರದು ಕಟ್ಟುನಿಟ್ಟಿನ ಪಥ್ಯ. ಅನ್ನ ಅಳತೆಯಲ್ಲಿ, ಕಾಫಿಗೆ ಸಕ್ಕರೆಯಿಲ್ಲ, ಸಂಜೆ ಬೇಕರಿಯ ಕಡೆ ಮುಖವಿಲ್ಲ. ಭಾನುವಾರ ಮಾತ್ರ 'ರಜೆ'. ಬೆಳಿಗ್ಗೆ ದರ್ಶಿನಿಯಲ್ಲಿ ಬೆಣ್ಣೆ ಹಾಕಿದ ಮಸಾಲೆ ದೋಸೆ, ಮಧ್ಯಾಹ್ನ ತುಪ್ಪ ಸುರಿದ ಹೋಳಿಗೆ, ಸಂಜೆ ಬೋಂಡ.

ಸೋಮವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತರೆ ಒಂದೂಕಾಲು ಕಿಲೋ ಹೆಚ್ಚು! 'ಆರು ದಿನದ ತಪಸ್ಸು ಒಂದೇ ದಿನಕ್ಕೆ ಹೋಯಿತು' ಎಂದು ಅವರು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಪಿಯುಸಿ ಓದುವ ಮಗಳು ಇದನ್ನೆಲ್ಲ ನೋಡುತ್ತಾಳೆ. ಅಪ್ಪನ ಜೊತೆ ತಾನೂ ಎರಡು ಹೋಳಿಗೆ ತಿಂದದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಸೋಮವಾರ ತಿಂಡಿ ಬಿಟ್ಟು ಕಾಲೇಜಿಗೆ ಹೊರಡುತ್ತಾಳೆ. ಅಜ್ಜಿಗೆ ಇದೊಂದೂ ಅರ್ಥವಾಗುವುದಿಲ್ಲ. 'ತಿಂದರೆ ಒಂದು ಹೋಳಿಗೆ ತಿನ್ನಿ, ಇಲ್ಲದಿದ್ದರೆ ಬಿಡಿ. ತಿಂದು ಅಳುವುದೇನು?' ಎನ್ನುತ್ತಾರೆ.

ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟೋ ಮನೆಗಳಲ್ಲಿ ಈ ನಾಟಕ ನಡೆಯುತ್ತಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 30ರಷ್ಟು ಮಂದಿ ಅಧಿಕ ತೂಕದವರು. ಹಾಗಾಗಿ ಪಥ್ಯದ ನಡುವೆ ಬಾಯಿಚಪಲಕ್ಕೆ ಒಂದು ದಿನ ಬಿಡುವು ಕೊಡಬಹುದೇ ಎಂಬುದು ಕೇವಲ ತಮಾಷೆಯ ಪ್ರಶ್ನೆಯಲ್ಲ.

ಮೊದಲು ಲೆಕ್ಕ

ಆಹಾರದ ಶಕ್ತಿಯನ್ನು ಅಳೆಯುವ ಮಾನ ಕಿಲೋಕ್ಯಾಲೊರಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾಗುವ ಶಾಖ ಅದು. ದಿನಬಳಕೆಯಲ್ಲಿ ಜನ ಇದನ್ನೇ ಕ್ಯಾಲೊರಿ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಇರಲಿ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕ್ಯಾಲೊರಿ ದೊರೆಯುತ್ತದೆ. ದೇಹದಲ್ಲಿ ಶೇಖರವಾದ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಯ ಕೊರತೆ ಬೀಳಬೇಕು.

ನಮ್ಮ ಯಜಮಾನರಿಗೆ ದಿನಕ್ಕೆ 2,200 ಕ್ಯಾಲೊರಿ ಬೇಕು, ಪಥ್ಯದಲ್ಲಿ ಅವರು 1,700 ತಿನ್ನುತ್ತಾರೆ ಎಂದುಕೊಳ್ಳೋಣ. ದಿನಕ್ಕೆ 500ರ ಕೊರತೆ. ಏಳು ದಿನಕ್ಕೆ 3,500. ಅಂದರೆ ವಾರಕ್ಕೆ ಸುಮಾರು 450 ಗ್ರಾಂ ಕೊಬ್ಬು ಕರಗೀತು.

ಈಗ ಹೋಳಿಗೆಯನ್ನು ಒಲೆಯಿಂದ ಇಳಿಸೋಣ. ಕಡಲೆಬೇಳೆ, ಬೆಲ್ಲ, ಹಿಟ್ಟು ತಲಾ 25 ಗ್ರಾಂ ಎಂದರೆ ಸುಮಾರು 270 ಕ್ಯಾಲೊರಿ. ಎಣ್ಣೆ, ತುಪ್ಪ ಸೇರಿ 10 ಗ್ರಾಂ ಎಂದರೆ ಮತ್ತೆ 90. ಒಟ್ಟಿನಲ್ಲಿ ಒಂದು ಹೋಳಿಗೆಗೆ ಸುಮಾರು 350 ಎಂದು ಹಿಡಿಯಬಹುದು. ಭಾನುವಾರವೂ ಪಥ್ಯದ ಊಟವನ್ನೇ ಮಾಡಿ, ಅದರ ಮೇಲೆ ಒಂದು ಹೋಳಿಗೆ ತಿಂದರೆ ವಾರದ ಕೊರತೆ 3,500ರಿಂದ 3,150ಕ್ಕೆ ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ಹೋಯಿತು, ಒಂಬತ್ತು ಪಾಲು ಉಳಿಯಿತು. ಇದು ನಷ್ಟವೇನಲ್ಲ.

ಆದರೆ ಒಂದು ಹೋಳಿಗೆಯ ಬದಲು ಒಂದು ದಿನವನ್ನೇ ಬಿಟ್ಟುಕೊಟ್ಟರೆ? ಎರಡು ಮಸಾಲೆ ದೋಸೆ, ಮೂರು ಹೋಳಿಗೆ, ಚಿತ್ರಾನ್ನ, ಬೋಂಡ, ರಾತ್ರಿ ಐಸ್‌ಕ್ರೀಮ್ ಎಂದು ಆ ದಿನ 4,200 ಕ್ಯಾಲೊರಿ ಒಳಗೆ ಹೋದರೆ ಅಗತ್ಯಕ್ಕಿಂತ 2,000 ಹೆಚ್ಚು. ಆರು ದಿನದ ಕೊರತೆ 3,000ದಲ್ಲಿ ಉಳಿಯುವುದು ಬರೀ 1,000. ಕರಗುವುದು 130 ಗ್ರಾಂ. 'ನಾಳೆ ಹೇಗೂ ರಜೆ' ಎಂದು ಶನಿವಾರ ರಾತ್ರಿಯೇ ಹಬ್ಬ ಶುರುವಾದರೆ ಅದೂ ಸೊನ್ನೆ. ಹೋಳಿಗೆಗೂ ಹೋಳಿಗೆಯ ದಿನಕ್ಕೂ ಇರುವ ವ್ಯತ್ಯಾಸ ಇದು.

ಬೆಳಗಿನ ವಾಯುವಿಹಾರ ಇದನ್ನು ಸರಿತೂಗಿಸುತ್ತದೆಂದು ನಂಬುವವರೂ ಉಂಟು. ಮುಕ್ಕಾಲು ಗಂಟೆಯ ಬಿರುಸು ನಡಿಗೆಗೆ ಸಾಧಾರಣ ಮೈಕಟ್ಟಿನವರು ಖರ್ಚು ಮಾಡುವುದು 150ರಿಂದ 200 ಕ್ಯಾಲೊರಿ. ಉದ್ಯಾನದಿಂದ ನೇರವಾಗಿ ಬೆಣ್ಣೆ ದೋಸೆಯ ಮುಂದೆ ಕುಳಿತರೆ ಗಳಿಸಿದ್ದೆಲ್ಲ ಅಲ್ಲೇ ಸಂದಾಯವಾಗುತ್ತದೆ. ನಡಿಗೆಯಿಂದ ಹೃದಯಕ್ಕೂ ಸಕ್ಕರೆಯ ಹತೋಟಿಗೂ ಲಾಭವಿದೆ. ಆದರೆ ಅದು ದೋಸೆ ತಿನ್ನಲು ಸಿಕ್ಕ ಪರವಾನಗಿಯಲ್ಲ.

ಸೋಮವಾರದ ಸುಳ್ಳು

ಹಾಗಾದರೆ ಒಂದೇ ದಿನಕ್ಕೆ ಏರಿದ ಆ ಒಂದೂಕಾಲು ಕಿಲೋ ಏನು? ಅದೆಲ್ಲ ಕೊಬ್ಬೇ ಆಗಬೇಕಾದರೆ ಅಗತ್ಯಕ್ಕಿಂತ ಒಂಬತ್ತು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕು. ಇಪ್ಪತ್ತಾರು ಹೋಳಿಗೆ! ಅಷ್ಟನ್ನು ಯಾರೂ ತಿಂದಿಲ್ಲ.

ಅದರ ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಗ್ಲೂಕೋಸನ್ನು ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡುತ್ತವೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಪಥ್ಯದ ಮೊದಲ ದಿನಗಳಲ್ಲಿ ಈ ದಾಸ್ತಾನು ಖಾಲಿಯಾಗುತ್ತಾ ನೀರೂ ಹೋಗುತ್ತದೆ. 'ಮೂರೇ ದಿನಕ್ಕೆ ಎರಡು ಕಿಲೋ' ಎಂಬ ಜಾಹೀರಾತುಗಳ ಗುಟ್ಟು ಇದೇ. ಭಾನುವಾರದ ಊಟಕ್ಕೆ ದಾಸ್ತಾನು ತುಂಬಿ ನೀರು ಮರಳುತ್ತದೆ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಇನ್ನಷ್ಟು ನೀರನ್ನು ಉಳಿಸಿಕೊಳ್ಳುತ್ತದೆ. ಇನ್ನೂ ಜೀರ್ಣವಾಗದ ಆಹಾರದ ಭಾರವೂ ಇದೆ. ಎಂದಿನ ಊಟಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ಮುಳ್ಳು ತಾನಾಗಿ ಕೆಳಗಿಳಿಯುತ್ತದೆ. ಯಂತ್ರ ಸುಳ್ಳು ಹೇಳುತ್ತಿಲ್ಲ. ಅದು ತೂಗುವುದು ದೇಹವನ್ನು, ಬರೀ ಕೊಬ್ಬನ್ನಲ್ಲ ಎಂಬುದನ್ನು ನಾವು ಮರೆಯುತ್ತೇವೆ, ಅಷ್ಟೆ.

ದೇಹವನ್ನು ಎಚ್ಚರಿಸಬಹುದೇ?

'ಪಥ್ಯದಿಂದ ದೇಹದ ಒಲೆ ಮಂದವಾಗುತ್ತದೆ. ವಾರಕ್ಕೊಮ್ಮೆ ಚೆನ್ನಾಗಿ ತಿಂದರೆ ಮತ್ತೆ ಉರಿಯುತ್ತದೆ' ಎಂಬ ವಾದವಿದೆ. ಇದರ ಮೊದಲರ್ಧ ನಿಜ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ದೇಹ ಸುಡುವ ಶಕ್ತಿಯೂ ತೀರ ತಗ್ಗಿತು. ಹಗಲಿರುಳು ಅವರಿಗೆ ಆಹಾರದ್ದೇ ಧ್ಯಾನ. ಅಡುಗೆ ಪುಸ್ತಕಗಳನ್ನು ಕೂಡಿಟ್ಟವರೂ ಇದ್ದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನಿನ ವಂಶವಾಹಿಯನ್ನು ಪತ್ತೆಹಚ್ಚಿದ ಮೇಲೆ ಇದರ ಒಂದು ಕಾರಣ ತಿಳಿಯಿತು. ಕೊಬ್ಬಿನ ಕೋಶಗಳು ಮೆದುಳಿಗೆ 'ದಾಸ್ತಾನು ಇಷ್ಟಿದೆ' ಎಂದು ಈ ಹಾರ್ಮೋನಿನ ಮೂಲಕ ಸುದ್ದಿ ಕಳಿಸುತ್ತವೆ. ಪಥ್ಯದಲ್ಲಿ ಲೆಪ್ಟಿನ್ ಇಳಿದಾಗ ಹಸಿವು ಹೆಚ್ಚುತ್ತದೆ, ಖರ್ಚು ಕಡಿಮೆಯಾಗುತ್ತದೆ.

ಎರಡನೆಯ ಅರ್ಧವೇ ಲೆಕ್ಕಕ್ಕೆ ನಿಲ್ಲದು. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಮಹಿಳೆಯರಿಗೆ ಮೂರು ದಿನ ಅಗತ್ಯಕ್ಕಿಂತ ಶೇಕಡಾ 40ರಷ್ಟು ಹೆಚ್ಚು ಪಿಷ್ಟ ಪದಾರ್ಥ ತಿನ್ನಿಸಲಾಯಿತು. ಲೆಪ್ಟಿನ್ ಏರಿತು, ನಿಜ. ಆದರೆ ದೇಹದ ಖರ್ಚು ಹೆಚ್ಚಿದ್ದು ಶೇಕಡಾ 7ರಷ್ಟು ಮಾತ್ರ. ಏಳು ರೂಪಾಯಿ ಉಳಿಸಲು ನಲವತ್ತು ರೂಪಾಯಿ ಖರ್ಚು ಮಾಡಿದಂತೆ.

ಆದರೆ ಬೇರೊಂದು ಬಗೆಯ ಬಿಡುವು ವಿಜ್ಞಾನಿಗಳ ಗಮನ ಸೆಳೆದಿದೆ. ಆಸ್ಟ್ರೇಲಿಯಾದಲ್ಲಿ ನುವಾಲಾ ಬರ್ನ್ ಮತ್ತು ಸಂಗಡಿಗರು ಸ್ಥೂಲಕಾಯದ 51 ಪುರುಷರ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿನದು 16 ವಾರ ಸತತ ಪಥ್ಯ. ಇನ್ನೊಂದು ಗುಂಪಿನದೂ 16 ವಾರದ ಪಥ್ಯವೇ. ಆದರೆ ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂದು ಹಂಚಿದ್ದರಿಂದ 30 ವಾರ ಹಿಡಿಯಿತು. ಮೊದಲ ಗುಂಪು ಸರಾಸರಿ 9 ಕಿಲೋ ಇಳಿಸಿದರೆ ಬಿಡುವು ಪಡೆದವರು 14 ಕಿಲೋ ಇಳಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆ ಬಿಡುವು ಹಬ್ಬದೂಟವಲ್ಲ. ತೂಕ ಏರದಂತೆ, ಇಳಿಯದಂತೆ, ದೇಹಕ್ಕೆ ಬೇಕಾದಷ್ಟನ್ನೇ ಅಳೆದು ಕೊಟ್ಟ ಊಟ.

ಈ ಫಲ ಎಲ್ಲ ಕಡೆ ಸಿಕ್ಕಿಲ್ಲ. 2003ರಲ್ಲಿ ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಬಿಡುವು ಪಡೆದವರೂ ಪಡೆಯದವರೂ ಕೊನೆಗೆ ಇಳಿಸಿದ್ದು ಹೆಚ್ಚುಕಡಿಮೆ ಒಂದೇ. ವ್ಯಾಯಾಮಪಟುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಕೊಬ್ಬು ಕರಗಿದ್ದು ಸಮನಾಗಿಯೇ. ಬಿಡುವು ಪಡೆದವರಿಗೆ ಹಸಿವಿನ ಕಾಟ ಮಾತ್ರ ಕಡಿಮೆಯಿತ್ತು. ಅಲ್ಲಿಗೆ ಹಿತಮಿತವಾದ ಬಿಡುವಿನಿಂದ ಪವಾಡವನ್ನು ನಿರೀಕ್ಷಿಸುವಂತಿಲ್ಲ, ಅದರಿಂದ ಕೆಡುಕಾಗುತ್ತದೆಂದು ಹೆದರಬೇಕಾಗಿಯೂ ಇಲ್ಲ.

ಮುಳುಗಿದವನಿಗೆ ಚಳಿಯೇನು, ಮಳೆಯೇನು

ಹೊಟ್ಟೆಯ ಲೆಕ್ಕ ಇಷ್ಟಾದರೆ ಮನಸ್ಸಿನ ಲೆಕ್ಕ ಬೇರೆಯೇ ಇದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿನಿಯರ ಮೇಲೆ ಒಂದು ಜಾಣ ಪ್ರಯೋಗ ಮಾಡಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ 'ರುಚಿ ನೋಡಿ ಹೇಳಿ' ಎಂದು ಐಸ್‌ಕ್ರೀಮ್ ಮುಂದಿಟ್ಟರು. ಪಥ್ಯದ ಗೊಡವೆಯಿಲ್ಲದವರು ಹೊಟ್ಟೆ ತುಂಬಿದಷ್ಟೂ ಕಡಿಮೆ ಐಸ್‌ಕ್ರೀಮ್ ತಿಂದರು. ಸದಾ ಪಥ್ಯದ ಚಿಂತೆಯಲ್ಲಿರುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು! 'ಹೇಗೂ ಪಥ್ಯ ಕೆಟ್ಟಿತು, ಇನ್ನು ಎಷ್ಟಾದರೇನು' ಎಂಬ ಮನೋಭಾವ. ಮುಳುಗಿದವನಿಗೆ ಚಳಿಯೇನು, ಮಳೆಯೇನು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಪಥ್ಯವನ್ನು ಮುರಿಯುವುದು ಬಹುಶಃ ಹೋಳಿಗೆಯಲ್ಲ, ಹೋಳಿಗೆ ತಿಂದ ಮೇಲಿನ ಅಪರಾಧ ಭಾವ. ಮೊದಲೇ ಗೊತ್ತುಮಾಡಿ ತಿಂದ ಹೋಳಿಗೆ ಲೆಕ್ಕದೊಳಗಿನದು. ಕದ್ದು ತಿಂದದ್ದು ಇನ್ನೆರಡನ್ನು ಕರೆಯುತ್ತದೆ.

ಅಜ್ಜಿಯ ಪಂಚಾಂಗ

ಅಜ್ಜಿಯ ಏಕಾದಶಿಯಲ್ಲಿ ಈ ಜಾಣತನ ಸ್ವಲ್ಪಮಟ್ಟಿಗೆ ಇದ್ದೇ ಇದೆ. ದಶಮಿಯಂದು ಒಪ್ಪೊತ್ತು, ಏಕಾದಶಿಗೆ ಉಪವಾಸ, ದ್ವಾದಶಿಯ ಬೆಳಿಗ್ಗೆ ಪಾರಣೆ. ಮಾಧ್ವರ ಮನೆಗಳ ಪಾರಣೆಯಲ್ಲಿ ಅಗಸೆಸೊಪ್ಪು, ನೆಲ್ಲಿಕಾಯಿ ಇರಬೇಕೆಂಬ ರೂಢಿಯುಂಟು. ಉಪವಾಸ ಯಾವಾಗ ಶುರು, ಯಾವಾಗ ಮುಗಿತಾಯ, ಮುಗಿದ ಮೇಲೆ ಏನು ತಿನ್ನಬೇಕು ಎಂಬುದೆಲ್ಲ ಮೊದಲೇ ನಿಶ್ಚಯ. ಅಲ್ಲಿ ಅಳುಕಿಗೆ ಜಾಗವಿಲ್ಲ. ಯುಗಾದಿಯ ಹೋಳಿಗೆ, ಮಾರನೆಯ ದಿನದ ಹೊಸತೊಡಕಿನ ಬಾಡೂಟ, ರಂಜಾನಿನ ಇಫ್ತಾರ್ ಎಲ್ಲವೂ ಹೀಗೆ ದಿನ ಗೊತ್ತಾದ ಭೋಜನಗಳೇ. ಹಬ್ಬಕ್ಕೆ ಬೆಲೆ ಬರುವುದು ಅದು ದಿನವೂ ಬರುವುದಿಲ್ಲವೆಂದು.

ಹಾಗೆಂದು ಎಲ್ಲ ಉಪವಾಸವೂ ಉಪವಾಸವಲ್ಲ. 'ಫಲಾಹಾರ'ವೆಂದು ತುಪ್ಪದ ಸಜ್ಜಿಗೆ, ಅವಲಕ್ಕಿ, ಕರಿದ ಸಬ್ಬಕ್ಕಿ ವಡೆ ಸೇರಿದರೆ ಎಂದಿನ ಊಟಕ್ಕಿಂತ ಅದೇ ಭಾರಿ. ಇನ್ನು, ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂಥವರು ವೈದ್ಯರನ್ನು ಕೇಳದೆ ಊಟ ಬಿಡಬಾರದು.

ಮಕ್ಕಳ ವಿಷಯ ಬೇರೆ

ಇಲ್ಲಿಯವರೆಗಿನ ಮಾತು ಅಪ್ಪನಿಗೆ. ಮಗಳಿಗೆ ಇದು ಅನ್ವಯಿಸುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಮೂಳೆ ಗಟ್ಟಿಯಾಗಬೇಕು, ರಕ್ತ ತುಂಬಬೇಕು. ಅದೇ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ಮೈಯಿಂದ ಬೆಳಗಿನ ತಿಂಡಿಯನ್ನೂ ಕಿತ್ತುಕೊಂಡರೆ ಏನು ಗತಿ? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಶಾಲಾಮಕ್ಕಳ ಕುರಿತ 1999ರ ವರದಿಯೊಂದು ಕಳವಳಕಾರಿಯಾಗಿದೆ. ಕಠಿಣ ಪಥ್ಯ ಮಾಡುತ್ತಿದ್ದ ಹುಡುಗಿಯರು ಆರು ತಿಂಗಳೊಳಗೆ ಆಹಾರ ಸಂಬಂಧಿ ಮನೋವ್ಯಾಧಿಗೆ ತುತ್ತಾಗುವ ಸಂಭವ ಪಥ್ಯ ಮಾಡದವರಿಗಿಂತ 18 ಪಟ್ಟು ಹೆಚ್ಚಿತ್ತು.

ಭಾರತದ ವಯಸ್ಕರಲ್ಲಿ ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ತಜ್ಞರು 2009ರಲ್ಲಿ ಸೂಚಿಸಿದರು. ಆದರೆ ಈ ಅಳತೆಗೋಲನ್ನು ಮಕ್ಕಳ ಮೇಲೆ ಇಡುವಂತಿಲ್ಲ. ಅವರಿಗೆ ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆಯೇ ಬೇರೆ. ಅದನ್ನು ಓದಬೇಕಾದವರು ಮಕ್ಕಳ ವೈದ್ಯರು, ಕನ್ನಡಿಯೂ ಅಲ್ಲ, ಸಹಪಾಠಿಗಳೂ ಅಲ್ಲ. ತೂಕ ನಿಜಕ್ಕೂ ಹೆಚ್ಚಿದ್ದರೆ ಸಂಜೆಯ ಗೋಬಿ ಮಂಚೂರಿ, ಸಿಹಿ ಪಾನೀಯ ಕಡಿಮೆ ಮಾಡಿ, ಆಟಕ್ಕೆ ಬಿಟ್ಟು, ಬೇಗ ಮಲಗಿಸಿದರೆ ಎಷ್ಟೋ ಸರಿಹೋಗುತ್ತದೆ. ತಿಂಡಿ ಬಿಡುವುದು ಪರಿಹಾರವಲ್ಲ. ಮನೆಯಲ್ಲಿ ದಪ್ಪ, ಸಣ್ಣ ಎಂಬ ಗೇಲಿ ನಿಂತರೆ ಅರ್ಧ ಚಿಕಿತ್ಸೆ ಮುಗಿದಂತೆ. ಮಗು ಊಟ ತಪ್ಪಿಸುತ್ತಿದ್ದರೆ, ಗುಟ್ಟಾಗಿ ತಿಂದು ವಾಂತಿ ಮಾಡುತ್ತಿದ್ದರೆ ಗದರಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕೊನೆಗೆ, ಆ ಮನೆಯ ಮುಂದಿನ ಭಾನುವಾರ ಹೇಗಿರಬೇಕು? ದಿನಕ್ಕೆ ರಜೆ ಬೇಡ, ಒಂದು ತಿನಿಸಿಗೆ ಇರಲಿ. ಯಾವುದು ಎಂಬುದನ್ನು ಶನಿವಾರವೇ ತೀರ್ಮಾನಿಸಲಿ. ಹಸಿದು ಹಸಿದು ಹೋಳಿಗೆಯ ಮೇಲೆ ಬೀಳದೆ, ಮೊದಲು ಕೋಸಂಬರಿ, ಪಲ್ಯ, ಸಾರು ಉಂಡು ಆಮೇಲೆ ನಿಧಾನವಾಗಿ ಚಪ್ಪರಿಸಲಿ. ಮಿಕ್ಕದ್ದನ್ನು ಅಕ್ಕಪಕ್ಕದ ಮನೆಗೆ ಹಂಚಲಿ. ಡಬ್ಬಿಯಲ್ಲಿ ಉಳಿದ ಹೋಳಿಗೆ ಸೋಮವಾರವೂ ಕರೆಯುತ್ತದೆ. ತೂಕ ನೋಡುವುದು ವಾರಕ್ಕೊಮ್ಮೆ ಸಾಕು, ಅದೂ ಶನಿವಾರ ಬೆಳಿಗ್ಗೆ. ಸೋಮವಾರ ಬೆಳಿಗ್ಗೆ ಯಂತ್ರ ಮಂಚದ ಕೆಳಗೇ ಇರಲಿ.

ಮತ್ತು ಅಂದು ಬೆಳಿಗ್ಗೆ ಅಪ್ಪ, ಮಗಳು ಇಬ್ಬರೂ ಜೊತೆಗೆ ಕುಳಿತು ತಿಂಡಿ ತಿನ್ನಲಿ. ಅಜ್ಜಿ ಹೇಳಿದ್ದೂ ಅಷ್ಟೇ ಅಲ್ಲವೇ: ತಿಂದ ಮೇಲೆ ಅಳಬಾರದು.