ನಿಯಾಂಡರ್ತಾಲ್ ಮಾನವನೂ ನಮ್ಮ ಕುಲಾಭಿಮಾನವೂ

ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ವಿಜ್ಞಾನಕ್ಕೆ ಈ ಕಟ್ಟಳೆಯಿಲ್ಲ. ಅದು ಮನುಷ್ಯನ ಮೂಲವನ್ನೇ ಕೇಳಹೊರಟು, ೨೦೧೦ರಿಂದೀಚೆಗೆ ಕೊಟ್ಟಿರುವ ಉತ್ತರವು ಕುಲದ ಹೆಮ್ಮೆಯುಳ್ಳವರೆಲ್ಲರೂ ಕುಳಿತು ಆಲೋಚಿಸತಕ್ಕುದಾಗಿದೆ. ಆಫ್ರಿಕ ಖಂಡದ ಹೊರಗಿನ ಜನಾಂಗಗಳಿಗೆ ಸೇರಿದ ಪ್ರತಿಯೊಬ್ಬರ ಶರೀರದಲ್ಲಿಯೂ ನೂರಕ್ಕೆ ಸುಮಾರು ೧ರಿಂದ ೨ರಷ್ಟು ವಂಶಾಂಶವು ನಿಯಾಂಡರ್ತಾಲ್ ಎಂಬ ಬೇರೊಂದು ಮಾನವಜಾತಿಯಿಂದ ಬಂದುದಾಗಿದೆ. ಆ ಜಾತಿಯು ಸುಮಾರು ೪೦,೦೦೦ ವರ್ಷಗಳ ಹಿಂದೆಯೇ ಅಳಿದುಹೋಯಿತು. ಆದರೆ ಅದರ ಅಂಶವು ಮೈಸೂರಿನವನಲ್ಲಿಯೂ ಇದೆ, ಮ್ಯೂನಿಕಿನವನಲ್ಲಿಯೂ ಇದೆ. ಈ ಸಂಗತಿಗಿಂತಲೂ ಹೆಚ್ಚು ಬೋಧಪ್ರದವಾದುದು, ಆ ಜಾತಿಯ ವಿಷಯದಲ್ಲಿ ಲೋಕದ ಅಭಿಪ್ರಾಯವು ಬದಲಾಯಿಸಿದ ಬಗೆ.

೧೮೫೬ನೆಯ ಇಸವಿಯಲ್ಲಿ ಜರ್ಮನಿಯ ಡುಸೆಲ್ಡಾರ್ಫ್ ನಗರದ ಬಳಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣಕಲ್ಲು ತೆಗೆಯುತ್ತಿದ್ದ ಕೂಲಿಗಳಿಗೆ ಒಂದು ಗವಿಯೊಳಗೆ ಕೆಲವು ಎಲುಬುಗಳು ದೊರೆತವು. ಕರಡಿಯವಿರಬೇಕೆಂದು ಭಾವಿಸಿದ್ದ ಅವುಗಳನ್ನು ಫುಲ್‌ರಾಟ್ ಎಂಬ ಉಪಾಧ್ಯಾಯರು ಕಂಡು, ಪುರಾತನ ಮನುಷ್ಯನವೆಂದು ಗುರುತಿಸಿದರು. ದಪ್ಪನೆಯ ಹುಬ್ಬಿನ ದಿಂಡೂ ಹಿಂದಕ್ಕೆ ಜಾರಿದ ಹಣೆಯೂ ಉಳ್ಳ ಆ ಕಪಾಲವನ್ನು ಪಂಡಿತಮಂಡಲಿಯು ಸುಲಭವಾಗಿ ಒಪ್ಪಲಿಲ್ಲ. ೧೮೧೪ರ ಯುದ್ಧಕಾಲದಲ್ಲಿ ಬಂದ ರಷ್ಯದ ಕೊಸಾಕ್ ಸವಾರನೊಬ್ಬನು ಗವಿಯಲ್ಲಿ ಸತ್ತಿರಬೇಕೆಂದು ಒಬ್ಬರು ಹೇಳಿದರು. ವಿಖ್ಯಾತ ವೈದ್ಯರಾದ ವಿರ್ಖೋ ಅವರು, ರೋಗದಿಂದ ವಿಕಾರಗೊಂಡ ಈಚಿನ ಮನುಷ್ಯನ ಅಸ್ಥಿಯೇ ಇದೆಂದು ೧೮೭೨ರಲ್ಲಿ ತೀರ್ಪಿತ್ತರು. ಆ ಕಣಿವೆಗೆ ಹೆಸರು ಬಂದುದು ೧೭ನೆಯ ಶತಮಾನದ ಪಾದ್ರಿಯೊಬ್ಬರಿಂದ. ಅವರ ಮನೆತನದ ಹೆಸರಿಗೆ ಗ್ರೀಕ್ ಭಾಷೆಯಲ್ಲಿ 'ಹೊಸ ಮನುಷ್ಯ' ಎಂದು ಅರ್ಥ. ಹಳೆಯ ಮನುಷ್ಯನಿಗೆ ಹೊಸ ಮನುಷ್ಯನ ಹೆಸರೇ ನಿಂತುದು ವಿಧಿಯ ವಿನೋದವೆನ್ನಬೇಕು.

ಇವನು ಬೇರೆ ಜಾತಿಯವನೆಂದು ಹೆಸರಿಟ್ಟವರು ಐರ್ಲೆಂಡಿನ ಪ್ರೊಫೆಸರ್ ವಿಲಿಯಂ ಕಿಂಗ್. ೧೮೬೪ರ ತಮ್ಮ ಲೇಖನದಲ್ಲಿ ಅವರು ಮನುಷ್ಯಬುದ್ಧಿಯ ಅತ್ಯಂತ ಕೆಳಗಿನ ಮೆಟ್ಟಿಲೆಂದು ಆರಿಸಿಕೊಂಡುದು ಯಾರನ್ನು? ನಮ್ಮ ಅಂಡಮಾನಿನ ಮೂಲನಿವಾಸಿಗಳನ್ನು! ಅವರಿಗಿಂತ ಕೆಳಗೆ ಇನ್ನು ಮೃಗತ್ವವೇ ಎಂದು ಬರೆದು, ನಿಯಾಂಡರ್ತಾಲನ ಆಲೋಚನೆಗಳು ಮೃಗದ ಆಲೋಚನೆಗಳಿಗಿಂತ ಮೇಲೇರಿರಲಾರವೆಂದು ತೀರ್ಮಾನಿಸಿದರು. ಒಂದು ಕಪಾಲದ ನೆವದಿಂದ, ಬದುಕಿದ್ದ ಒಂದು ಜನವನ್ನೇ ಹೀಗೆ ಪಶುಗಳ ನೆರೆಯಲ್ಲಿ ಕೂರಿಸಲಾಯಿತು. ಅಳತೆಗೋಲು ಯಾರ ಕೈಯಲ್ಲಿರುವುದೋ ಅವರೇ ಮೇಲಿನ ಮೆಟ್ಟಿಲಲ್ಲಿರುವುದು ಆ ಕಾಲದ ಶಾಸ್ತ್ರದ ಲಕ್ಷಣವಾಗಿತ್ತು.

೧೯೦೮ರಲ್ಲಿ ಫ್ರಾನ್ಸಿನ ಲಾ ಶಪೆಲ್ ಎಂಬಲ್ಲಿ ಹೆಚ್ಚುಕಡಿಮೆ ಪೂರ್ಣವಾದ ಅಸ್ಥಿಪಂಜರವು ದೊರೆಯಿತು. ಪ್ಯಾರಿಸಿನ ಪಂಡಿತರಾದ ಬೂಲ್ ಅವರು ಇದನ್ನು ಪರೀಕ್ಷಿಸಿ, ಬಾಗಿದ ಮೊಣಕಾಲು, ಮುಂದಕ್ಕೆ ಜೋತ ತಲೆ, ಮಂದಬುದ್ಧಿ ಇವುಗಳನ್ನು ಆರೋಪಿಸಿದರು; ಇವನು ನಮ್ಮ ಪೂರ್ವಜನಲ್ಲವೆಂದೂ ಸಾರಿದರು. ಅದೇ ಸಮಯದಲ್ಲಿ ಫ್ರೆಂಚ್ ಪತ್ರಿಕೆಯೊಂದು ಮೈತುಂಬ ರೋಮವುಳ್ಳ ವಾನರನಂತೆ ಅವನನ್ನು ಚಿತ್ರಿಸಿತು. ಅಂದಿನಿಂದ ಯೂರೋಪಿನ ಭಾಷೆಗಳಲ್ಲಿ 'ನಿಯಾಂಡರ್ತಾಲ್' ಎಂಬುದು ಒಂದು ಬೈಗುಳವಾಯಿತು.

ಆದರೆ ೧೯೫೭ರಲ್ಲಿ ಸ್ಟ್ರಾಸ್ ಮತ್ತು ಕೇವ್ ಎಂಬಿಬ್ಬರು ಅದೇ ಎಲುಬುಗಳನ್ನು ಪುನಃ ನೋಡಿದಾಗ, ಅದು ಸಂಧಿವಾತದಿಂದ ನರಳಿದ ಮುದುಕನ ಶರೀರವೆಂದೂ, ಆರೋಗ್ಯವಂತನಾದ ನಿಯಾಂಡರ್ತಾಲನು ನಮ್ಮಂತೆಯೇ ನೆಟ್ಟಗೆ ನಡೆಯುತ್ತಿದ್ದನೆಂದೂ ಹೊರಪಟ್ಟಿತು. ಅದೇ ದಶಕದಲ್ಲಿ ಇರಾಕಿನ ಶಾನಿದರ್ ಗವಿಯಲ್ಲಿ ಸೊಲೆಕಿ ಅವರ ತಂಡಕ್ಕೆ ಇನ್ನೊಬ್ಬನ ಅಸ್ಥಿಗಳು ಸಿಕ್ಕವು. ಅವನ ಬಲಗೈ ಬತ್ತಿಹೋಗಿತ್ತು; ಒಂದು ಕಣ್ಣಿನ ಬಳಿ ಭಾರಿ ಪೆಟ್ಟು ಬಿದ್ದಿತ್ತು. ಈ ಗಾಯಗಳಾದ ಮೇಲೂ ಅವನು ಬಹುಕಾಲ ಬದುಕಿದ್ದನು. ಬೇಟೆಯಾಡಲಾರದವನಿಗೆ ಅನ್ನವಿಕ್ಕಿದವರು ಇದ್ದಿರಲೇಬೇಕು. ಕುಂಟನನ್ನೂ ಕುರುಡನನ್ನೂ ಸಾಕುವ ಜನವನ್ನು ಮೃಗವೆನ್ನುವುದು ಹೇಗೆ?

ಇಷ್ಟಾದರೂ ಅವನು ನಮ್ಮವನೆಂದು ಹೇಳಲು ಆಧಾರವಿರಲಿಲ್ಲ. ಆ ಆಧಾರವನ್ನು ಒದಗಿಸಿದವರು ಸ್ವೀಡನ್ ದೇಶದ ಸ್ವಾಂಟೆ ಪಾಬೊ. ಪುರಾತನ ಎಲುಬಿನ ಪುಡಿಯಿಂದ ಡಿ.ಎನ್.ಎ. ಎಂಬ ವಂಶದ್ರವ್ಯವನ್ನು ತೆಗೆದು ಓದುವ ವಿದ್ಯೆಯನ್ನು ಬೆಳಸಿ, ೨೦೧೦ರಲ್ಲಿ ಅವರ ತಂಡವು ನಿಯಾಂಡರ್ತಾಲನ ವಂಶಲಿಪಿಯ ಕರಡನ್ನು ಪ್ರಕಟಿಸಿತು. ಅದನ್ನು ಇಬ್ಬರು ಆಫ್ರಿಕನರ, ಒಬ್ಬ ಫ್ರೆಂಚನ, ಒಬ್ಬ ಚೀಣನ, ಒಬ್ಬ ಪಾಪುವನ ವಂಶಲಿಪಿಗಳೊಡನೆ ಹೋಲಿಸಿದಾಗ, ಆಫ್ರಿಕದ ಹೊರಗಿನ ಮೂವರೂ ಅವನಿಗೆ ಹೆಚ್ಚು ಹತ್ತಿರದವರೆಂದು ಕಂಡಿತು. ಆಫ್ರಿಕದಿಂದ ಹೊರಟ ನಮ್ಮ ಹಿರಿಯರು, ಈಚಿನ ಗಣನೆಯಂತೆ ಸುಮಾರು ೪೭,೦೦೦ ವರ್ಷಗಳ ಹಿಂದೆ, ಅವರೊಡನೆ ಕೂಡಿ ಮಕ್ಕಳನ್ನು ಪಡೆದಿದ್ದರು. ಪಾಬೊ ಅವರಿಗೆ ೨೦೨೨ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನು ಲೋಕದ ನಡವಳಿಕೆಯನ್ನು ನೋಡಿರಿ. ನಿನ್ನೆಯವರೆಗೆ ಬೈಗುಳವಾಗಿದ್ದ ಹೆಸರು ಇಂದು ಅಭಿಮಾನದ ವಸ್ತುವಾಗಿದೆ. ಎಂಜಲನ್ನು ಪರೀಕ್ಷಿಸಿ ವಂಶವನ್ನು ತಿಳಿಸುವ ಅಮೆರಿಕದ ವ್ಯಾಪಾರಸ್ಥರು, ತಮ್ಮ ಗಿರಾಕಿಗಳಿಗೆ ಅವರಲ್ಲಿ ನಿಯಾಂಡರ್ತಾಲ್ ಅಂಶವೆಷ್ಟೆಂಬ ಪತ್ರವನ್ನು ಕಳುಹಿಸತೊಡಗಿದರು. ವಸ್ತುಪ್ರದರ್ಶನಶಾಲೆಗಳಲ್ಲಿ ಅವನ ಮೂರ್ತಿಗೆ ಮುಗುಳುನಗೆಯೂ ಬಂದಿದೆ. ಹೊಸ ಸಾಕ್ಷ್ಯವೇ ಇದಕ್ಕೆ ಬಹುಮಟ್ಟಿಗೆ ಕಾರಣವೆಂಬುದನ್ನು ನಾವು ಒಪ್ಪುತ್ತೇವೆ. ಶಾನಿದರಿನ ಎಲುಬುಗಳು ಪಾಬೊ ಅವರಿಗಿಂತ ಮುಂಚಿನವು. ಆದರೂ ಒಂದು ಪ್ರಶ್ನೆಯು ಉಳಿಯುತ್ತದೆ. ಈ ಅಂಶವು ಯೂರೋಪಿನವರಲ್ಲಿ ಇಲ್ಲದೆ ಅಂಡಮಾನಿನವರಲ್ಲಿ ಮಾತ್ರ ಕಂಡುಬಂದಿದ್ದರೆ, ಆ ಮುಗುಳುನಗೆಯು ಇಷ್ಟು ಬೇಗ ಮೂಡುತ್ತಿತ್ತೇ? ಅನ್ಯನಾಗಿದ್ದಾಗ ಮೃಗ, ಬಂಧುವಾದೊಡನೆ ಸಜ್ಜನ! ಬದಲಾದುದು ಎಲುಬಲ್ಲ, ನೋಡುವ ಕಣ್ಣು.

ಹೊಸ ಅಭಿಮಾನದಲ್ಲಿಯೂ ಹಳೆಯ ವಿಷವು ಸೇರಿಕೊಳ್ಳುವ ಭಯವಿದೆ. ಆಫ್ರಿಕದವರಲ್ಲಿ ಈ ಬೆರಕೆಯಿಲ್ಲವೆಂದು ಮೊದಲು ತಿಳಿದಾಗ, ಅವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಲು ಅದನ್ನೊಂದು ನೆವಮಾಡಿಕೊಳ್ಳುವ ಸಂಭವವಿತ್ತು. ೨೦೨೦ರ ಸಂಶೋಧನೆಯು ಅವರಲ್ಲಿಯೂ ನೂರಕ್ಕೆ ಸುಮಾರು ೦.೩ರಷ್ಟು ಅಂಶವನ್ನು ತೋರಿಸಿತು. ಹೊರಹೋದವರ ಸಂತತಿಯಲ್ಲಿ ಕೆಲವರು ಆಫ್ರಿಕಕ್ಕೆ ಹಿಂದಿರುಗಿದುದೇ ಇದಕ್ಕೆ ಮುಖ್ಯ ಕಾರಣ. ಶುದ್ಧರಕ್ತದ ಕುಲವೆಂಬುದನ್ನು ಭೂಮಂಡಲದಲ್ಲಿ ಎಲ್ಲಿಯೂ ಹುಡುಕಬೇಕಾಗಿಲ್ಲ.

ನಮ್ಮ ದೇಶದ ಮಾತೂ ಇಲ್ಲಿ ಬರುತ್ತದೆ. ೨,೭೦೦ಕ್ಕೂ ಮೇಲ್ಪಟ್ಟ ಭಾರತೀಯರ ವಂಶಲಿಪಿಗಳನ್ನು ಪರೀಕ್ಷಿಸಿ ೨೦೨೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಬ್ಬೊಬ್ಬರಲ್ಲಿ ಚೂರುಚೂರಾಗಿ ಚದರಿರುವ ಅಂಶಗಳನ್ನು ಒಟ್ಟುಗೂಡಿಸಿದರೆ ನಿಯಾಂಡರ್ತಾಲನ ವಂಶಲಿಪಿಯ ಸುಮಾರು ಅರ್ಧಭಾಗವು ನಮ್ಮ ಜನರಲ್ಲಿಯೇ ದೊರೆಯುವುದೆಂದು ತಿಳಿಸಿತು. ಈ ದಾಯಭಾಗದಲ್ಲಿ ಆಸ್ತಿಯೊಡನೆ ಸಾಲವೂ ಇದೆ. ಕೋವಿಡ್ ವ್ಯಾಧಿಯು ಉಲ್ಬಣಿಸುವ ಸಂಭವವನ್ನು ಹೆಚ್ಚಿಸುವ ಒಂದು ವಂಶಖಂಡವು ನಿಯಾಂಡರ್ತಾಲನಿಂದಲೇ ಬಂದುದೆಂದು ಪಾಬೊ ಮತ್ತು ಝೇಬರ್ಗ್ ಅವರು ೨೦೨೦ರಲ್ಲಿ ತೋರಿಸಿದರು. ದಕ್ಷಿಣ ಏಷ್ಯದ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ. ಯೂರೋಪಿನವರಲ್ಲಿ ನೂರಕ್ಕೆ ೧೬ ಜನರಲ್ಲಿದೆ. ಪೂರ್ವ ಏಷ್ಯದಲ್ಲಿ ಬಹುಶಃ ಇಲ್ಲವೇ ಇಲ್ಲವೆನ್ನಬಹುದು. ಅದೇ ವ್ಯಾಧಿಯಿಂದ ಕೊಂಚ ರಕ್ಷಣೆ ಕೊಡುವ ಇನ್ನೊಂದು ಖಂಡವೂ ಅವನ ಕೊಡುಗೆಯೇ ಎಂದು ಮರುವರ್ಷವೇ ಅವರು ತಿಳಿಸಿದರು. ಇದರಲ್ಲಿ ನಾಚಿಕೆಪಡುವುದೂ ಇಲ್ಲ, ಬೀಗುವುದೂ ಇಲ್ಲ. ವೈದ್ಯನು ಅರಿತು ಉಪಯೋಗಿಸಿಕೊಳ್ಳುವುದಿದೆ, ಅಷ್ಟೆ.

ಪೂರ್ವಜರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಯಾರಿಗೂ ಇಲ್ಲ. ಆದುದರಿಂದ ಅವರ ದೆಸೆಯಿಂದ ಮೇಲೆಂದು ಎಣಿಸಿಕೊಳ್ಳುವ ಅಧಿಕಾರವೂ, ಇತರರನ್ನು ಕೀಳೆಂದು ಎಣಿಸುವ ಅಧಿಕಾರವೂ ಯಾರಿಗೂ ಇರಲಾರದು. ನಿಯಾಂಡರ್ತಾಲನಿಗೆ ನ್ಯಾಯವು ದೊರೆಯಲು, ಅವನು ನಮ್ಮ ಬಂಧುವೆಂದು ರುಜುವಾತಾಗುವವರೆಗೆ ಒಂದೂವರೆ ಶತಮಾನ ಕಾಯಬೇಕಾಯಿತು. ನಮ್ಮ ಊರುಕೇರಿಗಳಲ್ಲಿ ಇಂದು ಕುಲದ ಹೆಸರಿನಿಂದ ಕೆಳಗೆ ಕೂರಿಸಲ್ಪಟ್ಟಿರುವ ಜೀವಂತ ಮನುಷ್ಯರು ಅಂಥ ರುಜುವಾತಿಗಾಗಿ ಕಾಯಬೇಕೇ ಎಂಬುದನ್ನು ವಾಚಕಮಹಾಶಯರೇ ವಿಚಾರಿಸಲಿ.