ಕೈಗೆಟುಕುವ ಕಾರು: ಬಲ್ಲವರು ಕಂಡಂತೆ

ನಮ್ಮ ಮನೆಗಳಲ್ಲಿ ಕಾರು ಕೊಳ್ಳುವ ಮಾತು ಎದ್ದಿತೆಂದರೆ ಮೊದಲು ಬೆಲೆ, ಅನಂತರ ಮೈಲೇಜು, ಕಟ್ಟಕಡೆಗೆ ನೆಂಟರಿಷ್ಟರ ಕಣ್ಣು, ಈ ಕ್ರಮದಲ್ಲಿ ವಿಚಾರ ಸಾಗುತ್ತದೆ. ಎಷ್ಟೋ ಸಲ ಕಡೆಯದೇ ಮೊದಲಿನ ಸ್ಥಾನಕ್ಕೆ ಬರುವುದೂ ಉಂಟು. ಆದರೆ ಕಾರುಗಳಲ್ಲಿ ನಿಜವಾದ ಆಸ್ಥೆಯುಳ್ಳವರು, ತಾವೇ ನಡೆಸಿ ತಾವೇ ಬಾನೆಟ್ ಎತ್ತಿ ನೋಡುವವರು, ಆಡುವ ಮಾತೇ ಬೇರೆ. ಅವರಲ್ಲಿ ಅನೇಕರು ಅತ್ಯಂತ ಪ್ರೀತಿಯಿಂದ ನೆನೆಯುವುದು ದುಬಾರಿ ವಾಹನಗಳನ್ನಲ್ಲ; ಮಾರುತಿ 800 ಎಂಬ ಪುಟ್ಟ ಕಾರನ್ನು.

ಒಂದು ಕಾಲಕ್ಕೆ ನಮ್ಮಲ್ಲಿ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯಟ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಮೊದಲನೆಯ ಮಾರುತಿ 800 ಕಾರಿನ ಕೀಲಿಕೈಯನ್ನು ದೆಹಲಿಯ ಹರ್ಪಾಲ್ ಸಿಂಗ್ ಎಂಬ ಗೃಹಸ್ಥರ ಕೈಗಿತ್ತರು. ಬೆಲೆ 50,000 ರೂಪಾಯಿಗಳ ಒಳಗಿತ್ತು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ನಮ್ಮ ದೇಶವೊಂದರಲ್ಲಿಯೇ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು.

ಹವ್ಯಾಸಿಗಳಿಗೆ ಇದರ ಮೇಲೇಕೆ ಇಷ್ಟು ಅಕ್ಕರೆ? ಎಂಜಿನ್ ಕೇವಲ 796 ಸಿ.ಸಿ., ಮೂರು ಸಿಲಿಂಡರು. ಆರಂಭದ ಮಾದರಿಗಳಲ್ಲಿ ಶಕ್ತಿ 40 ಅಶ್ವಬಲಕ್ಕೂ ಕಡಿಮೆ. ಆದರೆ ಕಾರಿನ ತೂಕವೂ ಸುಮಾರು 650 ಕಿಲೋಗ್ರಾಂ ಮಾತ್ರ. ಚಕ್ಕಡಿ ಹಗುರವಾಗಿದ್ದರೆ ಎತ್ತಿಗೆ ಆಯಾಸವಿಲ್ಲ ಎಂಬುದನ್ನು ಉಳವಿಯ ಜಾತ್ರೆಗೆ ಬಂಡಿ ಹೂಡಿಕೊಂಡು ಹೋದ ಮನೆತನಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೇ ಹೋಗುವುದರಿಂದ ಹಿಂದಕ್ಕೆ ಉದ್ದನೆಯ ದಂಡವಿಲ್ಲ. ಹೀಗಾಗಿ ಚಿಕ್ಕ ಮೈಯೊಳಗೂ ನಾಲ್ವರು ಕೂರುವಷ್ಟು ಸ್ಥಳ ಉಳಿಯಿತು. ನಿಂತಲ್ಲಿ ಸ್ಟೇರಿಂಗ್ ತಿರುಗಿಸಲು ತೋಳಿಗೆ ಕೆಲಸ ಕೊಡುವ ಈ ಕಾರು, ಚಲಿಸತೊಡಗಿದೊಡನೆ ಹಗುರಾಗಿ, ರಸ್ತೆಯ ಪ್ರತಿಯೊಂದು ತಗ್ಗುದಿಣ್ಣೆಯ ಸುದ್ದಿಯನ್ನೂ ಅಂಗೈಗೆ ತಲುಪಿಸುತ್ತದೆ. ದೊಡ್ಡ ಕಾರಿನ ಪೂರ್ಣ ಸಾಮರ್ಥ್ಯವನ್ನು ನಮ್ಮ ರಸ್ತೆಗಳಲ್ಲಿ ಕಾನೂನು ಮೀರದೆ ಕಾಣಲಾಗದು. ಸಣ್ಣ ಕಾರಿನಲ್ಲಾದರೋ ಗೇರುಗಳನ್ನು ಅರಿತು ಬಳಸಿ, ಎಂಜಿನ್ನಿನಿಂದ ಪೂರ್ತಿ ದುಡಿಸಿಕೊಂಡರೂ ವೇಗ ಮಿತಿಯಲ್ಲಿಯೇ ಇರುತ್ತದೆ. ನಡೆಸುವ ಸುಖ ಇಲ್ಲಿದೆ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ.

ಇನ್ನು ನಿರ್ವಹಣೆ. ಹಳೆಯ ಕಾರ್ಬುರೇಟರ್ ಮಾದರಿಯಾದರೆ ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಎರಡು ನಿಮಿಷ ತಾಳ್ಮೆಯಿಂದಿರಬೇಕು, ಅಷ್ಟೆ. ತಾಲ್ಲೂಕು ಕೇಂದ್ರದ ಸಾಮಾನ್ಯ ಮೆಕ್ಯಾನಿಕ್‌ಗೂ ಇದರ ನಾಡಿ ತಿಳಿದಿದೆ. ಆದರೆ ನಾಲ್ಕು ಜನರನ್ನೂ ಬುತ್ತಿಗಂಟುಗಳನ್ನೂ ಹೇರಿಕೊಂಡು, ಏ.ಸಿ. ಹಾಕಿಕೊಂಡು ಘಟ್ಟ ಹತ್ತಹೊರಟರೆ ಈ ಕಾರು ಏದುಸಿರು ಬಿಡುತ್ತದೆ. ಏ.ಸಿ. ಆರಿಸಿ ಎರಡನೆಯ ಗೇರಿಗೆ ಇಳಿಯಲೇಬೇಕು. ಇಳಿಜಾರಿನಲ್ಲಿಯೂ ಬ್ರೇಕನ್ನೇ ನಂಬದೆ ಅದೇ ಗೇರಿನಲ್ಲಿ ಇಳಿಯುವುದು ಕ್ಷೇಮ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಅಭಿಮಾನಿಗಳ ಹೊಗಳಿಕೆಯನ್ನು ಹಾಗೆಯೇ ಒಪ್ಪುವಂತಿಲ್ಲ. ಮಾರುತಿ 800ರಲ್ಲಿ ಗಾಳಿಚೀಲಗಳು ಇರಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಸಣ್ಣ ಕಾರುಗಳ ಗಾಳಿಚೀಲವಿಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ, ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ದೊರೆತುದು ಸೊನ್ನೆ ನಕ್ಷತ್ರ. 2019ರಿಂದ ಚಾಲಕನ ಗಾಳಿಚೀಲ ಕಡ್ಡಾಯವಾಯಿತು. ಅನಂತರ ಪಕ್ಕದ ಆಸನದವರಿಗೂ ಈ ನಿಯಮ ಬಂದಿತು. ಆದುದರಿಂದ ಮಡದಿ ಮಕ್ಕಳೊಡನೆ ಹೆದ್ದಾರಿಯಲ್ಲಿ ದೂರದ ಪ್ರಯಾಣ ಮಾಡುವವರು, ಅಗ್ಗವೆಂದು ತೀರ ಹಳೆಯದನ್ನು ಕೊಳ್ಳುವುದಕ್ಕಿಂತ ಇತ್ತೀಚಿನ ಸಣ್ಣ ಕಾರನ್ನು ಕೊಳ್ಳುವುದೇ ಲೇಸು. 2025ರ ಸೆಪ್ಟೆಂಬರ್ 22ರಿಂದ 1,200 ಸಿ.ಸಿ. ಹಾಗೂ ನಾಲ್ಕು ಮೀಟರ್ ಉದ್ದ ಮೀರದ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿರುವುದೂ ಅನುಕೂಲವೇ. ಹಳೆಯದನ್ನೇ ಕೊಳ್ಳುವುದಾದರೆ ನೆಲದ ತಗಡು, ಬಾಗಿಲುಗಳ ಕೆಳಅಂಚು ತುಕ್ಕು ಹಿಡಿದಿವೆಯೇ ನೋಡಿರಿ. ನೋಂದಣಿಗೆ 15 ವರ್ಷ ತುಂಬಿದ್ದರೆ ನವೀಕರಣವಾಗಿದೆಯೇ ಎಂಬುದನ್ನು ಆರ್.ಸಿ.ಯಲ್ಲಿ ಖಚಿತಪಡಿಸಿಕೊಳ್ಳಿರಿ.

ಅಗ್ಗದ ಕಾರು ಎಂಬ ಹೆಸರೇ ಒಂದು ಕಾರನ್ನು ಮುಳುಗಿಸಿದ ಕಥೆ ನಮ್ಮ ಕಣ್ಣೆದುರಿನದು. ಒಂದೇ ಸ್ಕೂಟರಿನ ಮೇಲೆ ಮಳೆಯಲ್ಲಿ ಸಾಗುತ್ತಿದ್ದ ಕುಟುಂಬವನ್ನು ಕಂಡು ರತನ್ ಟಾಟಾ ಅವರು ಕನಸಿದ ನ್ಯಾನೋ 2009ರಲ್ಲಿ ರಸ್ತೆಗಿಳಿಯಿತು. 624 ಸಿ.ಸಿ.ಯ ಎಂಜಿನ್ ಹಿಂದುಗಡೆ; ಎತ್ತರದ ಮೇಲ್ಛಾವಣಿ; ವಯಸ್ಸಾದವರೂ ಬಾಗದೆ ಹತ್ತಿ ಇಳಿಯಬಹುದಾಗಿತ್ತು. ಕೆಲವು ಕಾರುಗಳಿಗೆ ಬೆಂಕಿ ಹೊತ್ತಿದ ಸುದ್ದಿ ಹೆಸರಿಗೆ ಧಕ್ಕೆ ತಂದಿತು, ನಿಜ. ಆದರೆ "ಅತ್ಯಂತ ಅಗ್ಗದ ಕಾರು" ಎಂಬ ಪಟ್ಟವೇ ಅದಕ್ಕೆ ಕಳಂಕವಾಯಿತೆಂದು ರತನ್ ಟಾಟಾ ಅವರೇ ಮುಂದೆ ಹೇಳಿದರು. 2018ರಲ್ಲಿ ತಯಾರಿಕೆ ನಿಂತಿತು. ಬಡವರ ಕಾರು ಎನಿಸಿಕೊಂಡುದನ್ನು ಕೊಳ್ಳಲು ಬಡವರೂ ಮನಸ್ಸು ಮಾಡಲಿಲ್ಲ!

ಈ ಸಂಕೋಚ ನಮ್ಮ ಮನೆಗಳಿಗೂ ಹೊಕ್ಕಿದೆ. ಕಲ್ಯಾಣ ಮಂಟಪದ ಮುಂದೆ ಹೂಮಾಲೆ ತೊಟ್ಟು ನಿಲ್ಲುವ ಕಾರು ಎಷ್ಟು ದೊಡ್ಡದು ಎಂಬುದರ ಮೇಲೆ ಬೀಗರ ಮರ್ಯಾದೆಯನ್ನು ಅಳೆಯುವವರಿದ್ದಾರೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಹಾಗೆ ಕೇಳುವುದೂ ಕೊಡುವುದೂ ಅಪರಾಧ. ಹೊಲ ಅಡವಿಟ್ಟು ಅಳಿಯನಿಗೆ ಕಾರು ಕೊಡಿಸಿದ ತಂದೆ ಕಂತು ಕಟ್ಟುತ್ತಾನೆ. ಆ ಕಾರಿಗೆ ಪೆಟ್ರೋಲ್ ಹಾಕಿಸಲಾಗದೆ ಅಳಿಯ ಬಸ್ಸಿನಲ್ಲಿ ಓಡಾಡುತ್ತಾನೆ. ಕಾಯಕದ ಗಳಿಕೆಯನ್ನು ಹೀಗೆ ಕರಗಿಸಿ ದಾಸೋಹಕ್ಕೆ ಕಾಸಿಲ್ಲವೆನ್ನುವುದು ಶರಣರ ಹೆಸರು ಹೇಳುವ ನಮಗೆ ಶೋಭಿಸದು.

ಅದೇ ತಂದೆ ಮಗಳಿಗೆ ಕಾರು ನಡೆಸಲು ಕಲಿಸಬಹುದಲ್ಲವೇ? ಕಲಿಯುವವರಿಗೆ ಸಣ್ಣ ಕಾರಿನಷ್ಟು ಒಳ್ಳೆಯ ಗುರು ಬೇರಿಲ್ಲ ಎಂದು ಬಲ್ಲವರೆಲ್ಲ ಹೇಳುತ್ತಾರೆ. ನಾಲ್ಕು ಮೂಲೆಗಳೂ ಕಣ್ಣಿಗೆ ಕಾಣುತ್ತವೆ. ಕ್ಲಚ್ಚಿನ ಹಿಡಿತ ಪಾದಕ್ಕೆ ಬೇಗ ತಿಳಿಯುತ್ತದೆ. ಎಲ್ಲಾದರೂ ತುಸು ತಗಲಿದರೂ ದುರಸ್ತಿಗೆ ದೊಡ್ಡ ಖರ್ಚಿಲ್ಲ. 18 ತುಂಬಿದವರಿಗೆ ಕಲಿಕಾ ಪರವಾನಗಿ ದೊರೆಯುತ್ತದೆ, 30 ದಿನ ಕಳೆದ ಮೇಲೆ ಪಕ್ಕಾ ಪರವಾನಗಿಯ ಪರೀಕ್ಷೆಗೆ ಹೋಗಬಹುದು.